ಯಂತ್ರ ತಂದಿಟ್ಟರೆ ಸಾಲದು: ಮೇರಿ ಕ್ಯೂರಿ ಕಟ್ಟಿದ ಎಕ್ಸ್‌ರೇ ಸೇವೆಯ ಕತೆ

ಮೇರಿ ಕ್ಯೂರಿ ಅಂದ ಕೂಡಲೇ ನಮ್ಮಲ್ಲಿ ಬಹುತೇಕರಿಗೆ ನೆನಪಾಗೋದು ಶಾಲೆಯ ಪಾಠ. ಎರಡು ನೊಬೆಲ್, ರೇಡಿಯಂ, ಪೊಲೋನಿಯಂ, ಕಪ್ಪು ಗೌನು ತೊಟ್ಟ ಗಂಭೀರ ಮುಖದ ಹೆಂಗಸು. ಆ ಪಾಠ 1911ರ ಎರಡನೇ ನೊಬೆಲ್‌ಗೆ ಮುಗಿದುಹೋಗುತ್ತೆ. ಆದರೆ ಅದಾದ ಮೇಲೂ ಆಕೆ 22 ವರ್ಷಕ್ಕಿಂತ ಹೆಚ್ಚು ಕಾಲ ಬದುಕಿದ್ದರು. ಅದರಲ್ಲಿ ನಾಲ್ಕು ವರ್ಷ ತಮ್ಮ ಸಂಶೋಧನೆಯನ್ನು ಬದಿಗಿಟ್ಟು, ಮೋಟಾರು ಗಾಡಿಯಲ್ಲಿ ಎಕ್ಸ್‌ರೇ ಯಂತ್ರ ಹೇರಿಕೊಂಡು ಯುದ್ಧಭೂಮಿಯ ಆಸ್ಪತ್ರೆಗಳನ್ನು ಸುತ್ತಿದರು.

ಆ ನಾಲ್ಕು ವರ್ಷಗಳ ಕತೆಯನ್ನು ಈಗ ಹೇಳೋದಕ್ಕೆ ಕಾರಣವಿದೆ. ನಮ್ಮಲ್ಲಿ ಆಸ್ಪತ್ರೆಯ ಬಗ್ಗೆ ಮಾತು ಬಂದಾಗಲೆಲ್ಲ ಅದು ಯಂತ್ರದ ಮಾತಾಗಿಬಿಡುತ್ತೆ. ಎಂಆರ್‌ಐ ಬಂತಾ, ಸಿಟಿ ಸ್ಕ್ಯಾನ್ ಇದೆಯಾ, ಡಿಜಿಟಲ್ ಎಕ್ಸ್‌ರೇ ಯಾವಾಗ ಬರುತ್ತೆ? ಯಂತ್ರವನ್ನು ಯಾರು ನಡೆಸ್ತಾರೆ, ಬಂದ ಚಿತ್ರವನ್ನು ಯಾರು ಓದ್ತಾರೆ, ಅದು ತಪ್ಪಾಗಿದ್ದರೆ ಯಾರಿಗೆ ಗೊತ್ತಾಗುತ್ತೆ ಅನ್ನೋ ಪ್ರಶ್ನೆಗಳು ಹಿಂದೆ ಉಳಿದುಬಿಡ್ತಾವೆ. ಮೇರಿ ಕ್ಯೂರಿ 1914ರಲ್ಲೇ ಈ ಪ್ರಶ್ನೆಗಳಿಗೆ ಎದುರಾದರು. ಅವರು ಕಂಡುಕೊಂಡ ಉತ್ತರ ಇವತ್ತಿಗೂ ಹಳೆಯದಾಗಿಲ್ಲ. ಆ ಉತ್ತರಕ್ಕೆ ಅವರು ತೆತ್ತ ಬೆಲೆಯೂ ಸಣ್ಣದಲ್ಲ.

ಪ್ರಯೋಗಾಲಯ ಇಲ್ಲದ ಊರಿನ ಹುಡುಗಿ

ಮರಿಯಾ ಸ್ಕ್ಲೊಡೊವ್‌ಸ್ಕಾ ಹುಟ್ಟಿದ್ದು 1867ರ ನವೆಂಬರ್ 7ರಂದು, ವಾರ್ಸಾದಲ್ಲಿ. ಆಗ ಅದು ರಷ್ಯಾದ ಝಾರ್ ದೊರೆಗಳ ಆಳ್ವಿಕೆಯಲ್ಲಿತ್ತು. ಅಪ್ಪ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಪೋಲಿಷ್ ಶಾಲೆಗಳಲ್ಲಿ ಪ್ರಯೋಗಾಲಯದ ಪಾಠವನ್ನು ರಷ್ಯನ್ ಅಧಿಕಾರಿಗಳು ನಿಲ್ಲಿಸಿದಾಗ ಆತ ಉಪಕರಣಗಳನ್ನು ಮನೆಗೇ ತಂದಿಟ್ಟುಕೊಂಡರು. ಮಕ್ಕಳು ಅವುಗಳ ನಡುವೆಯೇ ಬೆಳೆದರು. ಒಬ್ಬ ಅಕ್ಕ ಟೈಫಸ್ ಜ್ವರಕ್ಕೆ ಬಲಿಯಾದಳು. ಮರಿಯಾಗೆ 10 ವರ್ಷವಾಗಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡರು.

ಹೆಣ್ಣುಮಕ್ಕಳಿಗೆ ವಾರ್ಸಾದ ವಿಶ್ವವಿದ್ಯಾಲಯದಲ್ಲಿ ಪ್ರವೇಶವಿರಲಿಲ್ಲ. ಪೊಲೀಸರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ನಡೆಯುತ್ತಿದ್ದ ಗುಪ್ತ ತರಗತಿಗಳಲ್ಲಿ ಮರಿಯಾ ಓದಿದಳು. ಅಕ್ಕ ಬ್ರೋನ್ಯಾಗೆ ಪ್ಯಾರಿಸ್‌ನಲ್ಲಿ ವೈದ್ಯಕೀಯ ಓದುವ ಆಸೆ, ಮನೆಯಲ್ಲಿ ದುಡ್ಡಿಲ್ಲ. ಅಕ್ಕತಂಗಿಯರು ಒಂದು ಒಪ್ಪಂದ ಮಾಡಿಕೊಂಡರು. ಮೊದಲು ತಂಗಿ ದುಡಿದು ಅಕ್ಕನನ್ನು ಓದಿಸೋದು, ಆಮೇಲೆ ಅಕ್ಕ ತಂಗಿಯನ್ನು ಕರೆಸಿಕೊಳ್ಳೋದು. ಮರಿಯಾ ಹಳ್ಳಿಯ ಶ್ರೀಮಂತರೊಬ್ಬರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದಳು. ಬಿಡುವಿನಲ್ಲಿ ಆ ಹಳ್ಳಿಯ ರೈತರ ಮಕ್ಕಳಿಗೆ ಕದ್ದುಮುಚ್ಚಿ ಪೋಲಿಷ್ ಓದು ಬರಹ ಕಲಿಸಿದಳು. ಸಿಕ್ಕಿಬಿದ್ದರೆ ಶಿಕ್ಷೆಯಾಗುವಂಥ ಕೆಲಸ ಅದು. ಏನೂ ಗೊತ್ತಿಲ್ಲದವರಿಗೆ ಮೊದಲಿಂದ ಕಲಿಸೋದು ಹೇಗೆ ಅನ್ನೋದನ್ನು ಆಕೆ ಕಲಿತದ್ದು ಅಲ್ಲಿ. 30 ವರ್ಷಗಳ ನಂತರ ಅದು ಕೆಲಸಕ್ಕೆ ಬಂತು.

1891ರಲ್ಲಿ, 24ನೇ ವಯಸ್ಸಿಗೆ, ಪ್ಯಾರಿಸ್. 1893ರಲ್ಲಿ ಭೌತಶಾಸ್ತ್ರದ ಪದವಿ, ತರಗತಿಗೇ ಮೊದಲ ಸ್ಥಾನ. ಮರುವರ್ಷ ಗಣಿತದಲ್ಲಿ ಎರಡನೇ ಸ್ಥಾನ. 1895ರ ಜುಲೈನಲ್ಲಿ ಪಿಯರ್ ಕ್ಯೂರಿ ಜೊತೆ ಮದುವೆ. ಅದೇ ವರ್ಷದ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. ಡಿಸೆಂಬರ್ 22ಕ್ಕೆ ಹೆಂಡತಿಯ ಕೈಯ ಚಿತ್ರ ತೆಗೆದರು. ಮೂಳೆ ಮತ್ತು ಉಂಗುರ ಎರಡೂ ಕಾಣಿಸುವ ಆ ಚಿತ್ರ ಕೆಲವೇ ವಾರಗಳಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ರಾಂಟ್‌ಜನ್ ಇದಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ಹಾಗಾಗಿ ಯಾರು ಬೇಕಾದರೂ ಯಂತ್ರ ಮಾಡಬಹುದಿತ್ತು, ಮಾಡಿದರು.

ಮೇರಿಯ ಗಮನ ಹೋದದ್ದು ಬೇರೆ ಕಡೆ. 1896ರಲ್ಲಿ ಹೆನ್ರಿ ಬೆಕ್ವೆರೆಲ್ ಯುರೇನಿಯಂನಿಂದ ಹೊಮ್ಮುವ ಕಿರಣಗಳನ್ನು ಗುರುತಿಸಿದ್ದರು. ಎಕ್ಸ್‌ರೇ ಗಲಾಟೆಯಲ್ಲಿ ಅದನ್ನು ಹೆಚ್ಚು ಜನ ಕೇಳಿಸಿಕೊಳ್ಳಲಿಲ್ಲ. ಮೇರಿ ಅದನ್ನೇ ಡಾಕ್ಟರೇಟ್‌ಗೆ ಆರಿಸಿಕೊಂಡರು. ಪಿಯರ್ ಮತ್ತು ಆತನ ಅಣ್ಣ ರೂಪಿಸಿದ್ದ ಅತಿಸೂಕ್ಷ್ಮ ವಿದ್ಯುತ್ ಮಾಪಕ ಕೈಯಲ್ಲಿತ್ತು. ಬೇರೆಯವರು ಫೋಟೋ ಪ್ಲೇಟ್ ಎಷ್ಟು ಕಪ್ಪಾಯಿತು ಅಂತ ನೋಡುತ್ತಿದ್ದಾಗ ಈಕೆ ಕಿರಣದ ಬಲವನ್ನು ಅಂಕಿಯಲ್ಲಿ ಅಳೆದರು. 1898ರ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರ್‌ನಲ್ಲಿ ರೇಡಿಯಂ. ಟನ್ನುಗಟ್ಟಲೆ ಅದಿರನ್ನು ಸೋರುವ ಶೆಡ್ಡಿನಲ್ಲಿ ಕುದಿಸಿ, ಕಲಕಿ, ಬೇರ್ಪಡಿಸಿ, 1902ರ ಹೊತ್ತಿಗೆ ಸಿಕ್ಕಿದ್ದು ಸುಮಾರು 0.1 ಗ್ರಾಂ ರೇಡಿಯಂ ಕ್ಲೋರೈಡ್.

1903ರಲ್ಲಿ ಪಿಯರ್ ಮತ್ತು ಬೆಕ್ವೆರೆಲ್ ಜೊತೆ ನೊಬೆಲ್. ಮೊದಲು ಮೇರಿಯ ಹೆಸರನ್ನು ಬಿಟ್ಟೇ ಶಿಫಾರಸು ಹೋಗಿತ್ತು. ಸ್ವೀಡನ್‌ನ ಗಣಿತಜ್ಞರೊಬ್ಬರು ಪಿಯರ್‌ಗೆ ಸುಳಿವು ಕೊಟ್ಟರು, ಪಿಯರ್ ಪಟ್ಟು ಹಿಡಿದರು. 1906ರ ಏಪ್ರಿಲ್ 19ರಂದು ಪ್ಯಾರಿಸ್‌ನ ರಸ್ತೆಯಲ್ಲಿ ಕುದುರೆ ಗಾಡಿಗೆ ಸಿಕ್ಕಿ ಪಿಯರ್ ತೀರಿಕೊಂಡರು. ಎರಡು ಹೆಣ್ಣುಮಕ್ಕಳು, ಐರೀನ್ ಮತ್ತು ಈವ್. ಪಿಯರ್ ಕೂತಿದ್ದ ಪ್ರಾಧ್ಯಾಪಕ ಪೀಠಕ್ಕೆ ಮೇರಿ ಬಂದರು. ಸೊರ್ಬಾನ್‌ನಲ್ಲಿ ಪಾಠ ಮಾಡಿದ ಮೊದಲ ಮಹಿಳಾ ಪ್ರಾಧ್ಯಾಪಕಿ ಅವರು.

1911 ಅವರ ಪಾಲಿಗೆ ವಿಚಿತ್ರ ವರ್ಷ. ಜನವರಿಯಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಕೂದಲೆಳೆಯ ಅಂತರದಲ್ಲಿ ಅವರನ್ನು ಸೋಲಿಸಿತು. ನವೆಂಬರ್‌ನಲ್ಲಿ ವಿಜ್ಞಾನಿ ಪಾಲ್ ಲಾಂಜ್ವಿನ್ ಜೊತೆಗಿನ ಸಂಬಂಧವನ್ನು ಪತ್ರಿಕೆಗಳು ಬೀದಿಗೆ ತಂದವು. ಪರದೇಶದವಳು, ಮನೆಮುರುಕಿ ಅಂತೆಲ್ಲ ಬರೆದವು. ಮನೆಯ ಮುಂದೆ ಜನ ಸೇರಿ ಗಲಾಟೆ ಮಾಡಿದರು. ಆ ನಡುವೆಯೇ ರಸಾಯನಶಾಸ್ತ್ರದ ನೊಬೆಲ್ ಬಂತು. ಪ್ರಶಸ್ತಿ ತಗೊಳ್ಳಲು ಬರದಿದ್ದರೆ ಒಳ್ಳೆಯದು ಅಂತ ಸ್ವೀಡನ್‌ನಿಂದ ಸೂಚನೆ ಹೋಯಿತು. ಮೇರಿ ಹೋದರು, ತಗೊಂಡರು, ಬಂದು ಕಾಯಿಲೆ ಬಿದ್ದರು. ಮೂರು ವರ್ಷದ ನಂತರ ಇದೇ ದೇಶದ ಸೈನಿಕರ ಹತ್ತಿರ ಆಕೆ ಯಂತ್ರ ಹೊತ್ತು ಹೋಗಲಿದ್ದರು.

19 ವರ್ಷ ಹಳೆಯ ಯಂತ್ರ, ಆದರೂ ಸಿಗದು

1914ರ ಬೇಸಿಗೆಯಲ್ಲಿ ಪ್ಯಾರಿಸ್‌ನ ರೇಡಿಯಂ ಇನ್‌ಸ್ಟಿಟ್ಯೂಟ್ ಕಟ್ಟಡ ಸಿದ್ಧವಾಯಿತು. ಕೆಲಸ ಶುರುವಾಗುವ ಮೊದಲೇ ಯುದ್ಧ ಶುರುವಾಯಿತು. ಸಿಬ್ಬಂದಿಯೆಲ್ಲ ಸೈನ್ಯಕ್ಕೆ ಹೋದರು. ಜರ್ಮನ್ ಪಡೆ ಪ್ಯಾರಿಸ್ ಹತ್ತಿರ ಬಂದಾಗ ಸಂಸ್ಥೆಯ ಬಳಿ ಇದ್ದ ರೇಡಿಯಂ ಅನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು, ರೈಲಿನಲ್ಲಿ ಬೋರ್ಡೊಗೆ ಒಯ್ದು, ಬ್ಯಾಂಕಿನ ತಿಜೋರಿಯಲ್ಲಿ ಭದ್ರ ಮಾಡಿ ಮೇರಿ ವಾಪಸ್ ಬಂದರು. ಎಲ್ಲರೂ ಪ್ಯಾರಿಸ್ ಬಿಟ್ಟು ಹೋಗುತ್ತಿದ್ದ ಹೊತ್ತಲ್ಲಿ ಸೈನಿಕರ ರೈಲಿನಲ್ಲಿ ಪ್ಯಾರಿಸ್ ಕಡೆಗೆ ಬಂದ ಕೆಲವೇ ಮಂದಿಯಲ್ಲಿ ಅವರೊಬ್ಬರು. ಎರಡನೇ ನೊಬೆಲ್‌ನ ಹಣವನ್ನು ಯುದ್ಧದ ಸಾಲಪತ್ರಗಳಿಗೆ ಹಾಕಿದರು. ಪದಕಗಳನ್ನೂ ಕರಗಿಸಿಕೊಳ್ಳಿ ಅಂತ ಬ್ಯಾಂಕಿಗೆ ಕೊಡಲು ಹೋದಾಗ ಅಲ್ಲಿಯ ಅಧಿಕಾರಿಗಳೇ ಬೇಡ ಅಂದರು.

ಅಷ್ಟೊತ್ತಿಗೆ ಎಕ್ಸ್‌ರೇ ಬಂದು 19 ವರ್ಷವಾಗಿತ್ತು. ಅದು ಹೊಸ ತಂತ್ರಜ್ಞಾನವೇನಲ್ಲ. ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಯಂತ್ರಗಳಿದ್ದವು, ಅದನ್ನು ಬಲ್ಲ ವೈದ್ಯರೂ ಕೆಲವರಿದ್ದರು. ಆದರೆ ಗಾಯಾಳುಗಳು ಇದ್ದದ್ದು ದೊಡ್ಡ ಊರಲ್ಲಲ್ಲ. ಫಿರಂಗಿ ಸಿಡಿಗುಂಡುಗಳ ಯುದ್ಧ ಅದು. ಒಬ್ಬ ಸೈನಿಕನ ಮೈಯಲ್ಲಿ ಲೋಹದ ಚೂರುಗಳು ಎಲ್ಲೆಲ್ಲೋ ಹೊಕ್ಕಿರುತ್ತಿದ್ದವು. ಚೂರಿನ ಜೊತೆ ಮಣ್ಣು, ಬಟ್ಟೆಯ ಎಳೆ ಒಳಗೆ ಹೋಗಿ ಗಾಯ ಕೊಳೆಯುತ್ತಿತ್ತು. ಆ್ಯಂಟಿಬಯಾಟಿಕ್ ಇರದ ಕಾಲ. ಚೂರು ಎಲ್ಲಿದೆ ಅಂತ ಗೊತ್ತಿಲ್ಲದ ಸರ್ಜನ್ ಗಾಯದ ಬಾಯಿಂದ ಬೆರಳು, ಕಡ್ಡಿ ಹಾಕಿ ಹುಡುಕಬೇಕಿತ್ತು. ಹುಡುಕಾಟದಲ್ಲೇ ರಕ್ತನಾಳ, ನರ ಹರಿಯುತ್ತಿದ್ದವು. ಚೂರು ಸಿಗದಿದ್ದರೆ ಕಾಲು, ಕೈ ಕತ್ತರಿಸೋದು. ಗಾಯಾಳುವನ್ನು ಎಕ್ಸ್‌ರೇ ಇರುವ ಊರಿಗೆ ರೈಲಿನಲ್ಲಿ ಕಳಿಸೋಷ್ಟರಲ್ಲಿ ಬಹಳ ಜನ ಸಾಯುತ್ತಿದ್ದರು.

ಎಕ್ಸ್‌ರೇ ಮೇರಿಯ ವಿಷಯವಲ್ಲ. ಅವರು ಭೌತವಿಜ್ಞಾನಿ, ಪಾಠದಲ್ಲಿ ಆ ಕಿರಣಗಳ ಬಗ್ಗೆ ಹೇಳಿದ್ದರು ಅಷ್ಟೆ. ರೋಗಿಯ ಚಿತ್ರ ತೆಗೆದವರಲ್ಲ. ಆದ್ದರಿಂದ ಮೊದಲು ಕಲಿಯಲು ಹೋದರು. ಫ್ರಾನ್ಸಿನಲ್ಲಿ ಈ ವಿದ್ಯೆಯ ಹಿರಿಯರಾಗಿದ್ದ ಡಾಕ್ಟರ್ ಆಂತ್ವಾನ್ ಬೆಕ್ಲೇರ್ ಬಳಿ ಪರೀಕ್ಷೆಯ ಕ್ರಮ ಕಲಿತರು. ಅಂಗರಚನಾಶಾಸ್ತ್ರ ಓದಿದರು. ಡ್ರೈವಿಂಗ್ ಕಲಿತು 1916ರಲ್ಲಿ ಲೈಸೆನ್ಸ್ ತಗೊಂಡರು, ಗಾಡಿ ರಿಪೇರಿ ಕಲಿತರು. ಎರಡು ನೊಬೆಲ್ ಗೆದ್ದ, 47ರ ಹತ್ತಿರದ ಹೆಂಗಸು ವಿದ್ಯಾರ್ಥಿಯಾಗಿ ಕೂತದ್ದು ಯಾರಿಗೂ ತೋರಿಸೋದಕ್ಕಲ್ಲ. ಹಾಗೆ ಕಲಿಯದೆ ಈ ಕೆಲಸ ಆಗುತ್ತಿರಲಿಲ್ಲ.

ಶುರುವಿನಲ್ಲಿ ಅವರು ಮಾಡಿದ್ದು ಒಂದು ಸರಳ ಪಟ್ಟಿ. ಪ್ಯಾರಿಸ್‌ನ ಕಾಲೇಜು ಲ್ಯಾಬ್‌ಗಳಲ್ಲಿ, ತಯಾರಕರ ಗೋದಾಮಿನಲ್ಲಿ, ಊರು ಬಿಟ್ಟು ಹೋದ ವೈದ್ಯರ ಕೋಣೆಗಳಲ್ಲಿ ಎಷ್ಟು ಯಂತ್ರ ಸುಮ್ಮನೆ ಕೂತಿವೆ? ಅವನ್ನು ಸೇರಿಸಿ ಸುತ್ತಲಿನ ಆಸ್ಪತ್ರೆಗಳಿಗೆ ಹಂಚಿದರು. ಪ್ರಾಧ್ಯಾಪಕರು, ಎಂಜಿನಿಯರ್‌ಗಳು ಸ್ವಯಂಸೇವಕರಾಗಿ ನಡೆಸಲು ಬಂದರು. ಆದರೆ ಯುದ್ಧದ ಸಾಲಿನಲ್ಲಿದ್ದ ಆಸ್ಪತ್ರೆಗಳಲ್ಲಿ ಕರೆಂಟೇ ಇರಲಿಲ್ಲ. ಕರೆಂಟಿಲ್ಲದ ಕಡೆ ಎಕ್ಸ್‌ರೇ ಯಂತ್ರ ಬರೀ ಪೀಠೋಪಕರಣ.

ಗಾಡಿಯೇ ಪವರ್ ಸ್ಟೇಷನ್

ಪರಿಹಾರ ಗಾಡಿಯ ಒಳಗೇ ಇತ್ತು. ಎಂಜಿನ್‌ಗೆ ಡೈನಮೋ ಜೋಡಿಸಿದರೆ 110 ವೋಲ್ಟ್ ವಿದ್ಯುತ್ ಸಿಗುತ್ತೆ. ಗಾಡಿ ಆಸ್ಪತ್ರೆಯ ಅಂಗಳದಲ್ಲಿ ನಿಲ್ಲುತ್ತಿತ್ತು. ಚಾಲಕ ಎಂಜಿನ್ ಓಡಿಸುತ್ತಿದ್ದ, ಕಿಟಕಿಯಿಂದ ಕೇಬಲ್ ಒಳಗೆ ಹೋಗುತ್ತಿತ್ತು. ಒಳಗೆ ಮಡಚುವ ಮೇಜು, ಸ್ಟ್ಯಾಂಡಿನ ಮೇಲೆ ಎಕ್ಸ್‌ರೇ ಟ್ಯೂಬು, ಹೊಳೆಯುವ ಪರದೆ, ಫೋಟೋ ಪ್ಲೇಟುಗಳು. ಕಿಟಕಿಗೆ ಕಪ್ಪು ಬಟ್ಟೆ. ಬಂದು ಸುಮಾರು ಅರ್ಧ ಗಂಟೆಯಲ್ಲಿ ಮೊದಲ ಗಾಯಾಳುವನ್ನು ಮೇಜಿನ ಮೇಲೆ ಮಲಗಿಸಬಹುದಿತ್ತು.

ಮೊದಲ ಗಾಡಿಗೆ ಹಣ ಕೊಟ್ಟದ್ದು ಫ್ರಾನ್ಸಿನ ಒಂದು ಮಹಿಳಾ ಸಂಘ. ಆಮೇಲೆ ಮೇರಿ ಶ್ರೀಮಂತ ಮಹಿಳೆಯರ ಮನೆಗಳಿಗೆ ಹೋಗಿ ಕಾರು ಕೇಳಿದರು. ಗ್ಯಾರೇಜುಗಳಿಗೆ ಹೋಗಿ ಅವನ್ನು ಮಾರ್ಪಡಿಸಿ ಕೊಡಿ ಅಂತ ಬೆನ್ನುಬಿದ್ದರು. ಸೈನ್ಯದ ಕಚೇರಿಗಳ ಬಾಗಿಲಲ್ಲಿ ಪಾಸ್, ಪರವಾನಗಿ, ಪೆಟ್ರೋಲಿಗೆ ಕಾದರು. ಯುದ್ಧಭೂಮಿಗೆ ಹೆಂಗಸು ಯಾಕೆ ಅನ್ನುವ ಅಧಿಕಾರಿಗಳ ಜೊತೆ ವಾದ ಮಾಡಿದರು. ರೆಡ್ ಕ್ರಾಸ್‌ನ ಎಕ್ಸ್‌ರೇ ಸೇವೆಯ ನಿರ್ದೇಶಕಿ ಅನ್ನುವ ಹುದ್ದೆ ಸಿಕ್ಕಿತು. 1914ರ ಅಕ್ಟೋಬರ್ ಕೊನೆಗೆ ಮೊದಲ ಗಾಡಿ ಹೊರಟಿತು. ಜೊತೆಗೆ 17 ವರ್ಷದ ಮಗಳು ಐರೀನ್. ಸೈನಿಕರು ಈ ಗಾಡಿಗಳಿಗೆ ಪುಟ್ಟ ಕ್ಯೂರಿಗಳು ಅಂತ ಹೆಸರಿಟ್ಟರು.

ಅಮಿಯೆನ್ಸ್, ಈಪ್ರ, ವರ್ಡನ್. ಫೋನ್ ಬರುತ್ತಿತ್ತು, ಮೇರಿ ಹೊರಡುತ್ತಿದ್ದರು. ಒಮ್ಮೆ ಗಾಡಿ ಚರಂಡಿಗೆ ಮಗುಚಿ ಪೆಟ್ಟಿಗೆಗಳೆಲ್ಲ ಅವರ ಮೇಲೆ ಬಿದ್ದವು. ಸಣ್ಣಪುಟ್ಟ ಗಾಯಗಳಾದವು. ಮನೆಯಲ್ಲಿ ಹೇಳಲಿಲ್ಲ, ಕೆಲಸ ನಿಲ್ಲಿಸಲೂ ಇಲ್ಲ.

ಯುದ್ಧ ಮುಗಿಯುವ ಹೊತ್ತಿಗೆ ಅವರು ಸಜ್ಜುಗೊಳಿಸಿದ್ದ ಗಾಡಿಗಳು 20. ಆಸ್ಪತ್ರೆಗಳಲ್ಲಿ ಕಟ್ಟಿಸಿದ ಕಾಯಂ ಎಕ್ಸ್‌ರೇ ಕೋಣೆಗಳು 200. ಇವುಗಳಲ್ಲಿ ಪರೀಕ್ಷೆಯಾದ ಗಾಯಾಳುಗಳ ಸಂಖ್ಯೆ 10 ಲಕ್ಷ ದಾಟಿತ್ತು ಅನ್ನೋದು ಅಂದಾಜು. ಎಲ್ಲರೂ ನೆನಪಿಡೋದು 20 ಗಾಡಿಗಳನ್ನು, ಯಾಕಂದ್ರೆ ಅದರಲ್ಲಿ ಸಾಹಸ ಇದೆ. ಆದರೆ ಆ 200 ಕೋಣೆಗಳೇ ದೊಡ್ಡ ಕೆಲಸ. ಗಾಡಿ ಬಂದು ಹೋಗುತ್ತೆ, ಕೋಣೆ ಅಲ್ಲೇ ಇರುತ್ತೆ. ಮೇರಿ ಒಂದು ಆಸ್ಪತ್ರೆಗೆ ಗಾಡಿ ತಗೊಂಡು ಹೋದಾಗ, ಇಲ್ಲಿ ಕಾಯಂ ವ್ಯವಸ್ಥೆಗೆ ಜಾಗವಿದೆಯಾ ಅಂತ ನೋಡಿಕೊಂಡೇ ಬರುತ್ತಿದ್ದರು. ಆಮೇಲೆ ಸಾಮಾನು ಹೊಂದಿಸಿಕೊಂಡು ಮತ್ತೆ ಅಲ್ಲಿಗೇ ಹೋಗುತ್ತಿದ್ದರು.

ಅರ್ಧ ಸೆಂಟಿಮೀಟರಿನ ಪ್ರಶ್ನೆ

ಇಲ್ಲಿ ಸ್ವಲ್ಪ ಜ್ಯಾಮಿತಿ ಬೇಕು, ಯಾಕಂದ್ರೆ ಚಿತ್ರದ ಗುಣಮಟ್ಟ ಅಂದ್ರೇನು ಅನ್ನೋದು ಇದರಲ್ಲೇ ಇದೆ.

ಎಕ್ಸ್‌ರೇ ಅಂದ್ರೆ ನೆರಳು. ಒಂದೇ ಚಿತ್ರ ನೋಡಿದರೆ ಚೂರು ತೊಡೆಯಲ್ಲಿದೆ ಅಂತ ಗೊತ್ತಾಗುತ್ತೆ, ಎಷ್ಟು ಆಳದಲ್ಲಿದೆ ಅಂತ ಗೊತ್ತಾಗಲ್ಲ. ಆಳ ತಿಳಿಯಲು ಟ್ಯೂಬನ್ನು ಒಂದು ಗೊತ್ತಾದ ದೂರ ಪಕ್ಕಕ್ಕೆ ಸರಿಸಿ ಎರಡನೇ ಚಿತ್ರ ತೆಗೆಯಬೇಕು. ನೆರಳು ಎಷ್ಟು ಜರುಗಿತು ಅನ್ನೋದರಿಂದ ಆಳ ಲೆಕ್ಕ ಹಾಕಬಹುದು. ಹೈಸ್ಕೂಲಿನ ಸಮರೂಪ ತ್ರಿಭುಜಗಳು, ಅಷ್ಟೆ. ಒಂದು ಉದಾಹರಣೆ ನೋಡಿ. ಟ್ಯೂಬು ಪ್ಲೇಟಿನಿಂದ 50 ಸೆಂಟಿಮೀಟರ್ ಮೇಲಿದೆ. ಅದನ್ನು 10 ಸೆಂಟಿಮೀಟರ್ ಸರಿಸಿದೆವು, ನೆರಳು 2.5 ಸೆಂಟಿಮೀಟರ್ ಜರುಗಿತು. ಲೆಕ್ಕ ಮಾಡಿದರೆ ಚೂರು ಪ್ಲೇಟಿನಿಂದ 10 ಸೆಂಟಿಮೀಟರ್ ಮೇಲಿದೆ.

ಈಗ ಅದೇ ನೆರಳನ್ನು ಅಳೆಯುವಾಗ ಬರೀ ಅರ್ಧ ಸೆಂಟಿಮೀಟರ್ ತಪ್ಪಿ 2 ಅಂತ ಬರೆದುಕೊಂಡರೆ? ಉತ್ತರ 8.3 ಸೆಂಟಿಮೀಟರ್ ಆಗುತ್ತೆ. ಪ್ಲೇಟಿನ ಮೇಲಿನ ಅರ್ಧ ಸೆಂಟಿಮೀಟರಿನ ತಪ್ಪು ಸರ್ಜನ್‌ನ ಚಾಕುವನ್ನು ಸುಮಾರು 1.7 ಸೆಂಟಿಮೀಟರ್ ಆಚೆ ಕಳಿಸುತ್ತೆ. ತೊಡೆಯಲ್ಲಿ ಅಷ್ಟು ಜಾಗದಲ್ಲಿ ಒಂದು ದೊಡ್ಡ ರಕ್ತನಾಳ ಇರಬಹುದು. ನೋವಿನಲ್ಲಿ ಗಾಯಾಳು ಎರಡು ಚಿತ್ರಗಳ ನಡುವೆ ಸ್ವಲ್ಪ ಮಗ್ಗುಲಾದರೂ ಇದೇ ಪಾಡು. ಪ್ಲೇಟ್ ಮಸುಕಾಗಿ ನೆರಳಿನ ಅಂಚು ಸರಿಯಾಗಿ ಕಾಣದಿದ್ದರೂ ಅಷ್ಟೆ.

ಪ್ಲೇಟ್ ಮಸುಕಾಗೋದಕ್ಕೆ ಕಾರಣಗಳು ಬೇಕಾದಷ್ಟಿದ್ದವು. ಆ ಕಾಲದ ಹೆಚ್ಚಿನ ಟ್ಯೂಬುಗಳ ಒಳಗೆ ಚೂರು ಅನಿಲ ಉಳಿದಿರುತ್ತಿತ್ತು. ಬಳಸುತ್ತ ಹೋದ ಹಾಗೆ ಆ ಅನಿಲದ ಪ್ರಮಾಣ ಬದಲಾಗಿ, ಕಿರಣದ ತೀಕ್ಷ್ಣತೆಯೂ ಬದಲಾಗುತ್ತಿತ್ತು. ನಿನ್ನೆ ಚೆನ್ನಾಗಿ ಚಿತ್ರ ಬಂದ ಸೆಟ್ಟಿಂಗ್‌ನಲ್ಲಿ ಇವತ್ತು ಬರುತ್ತಿರಲಿಲ್ಲ. ಟ್ಯೂಬಿನ ಗುಣ ನೋಡಿ ಸರಿಮಾಡುವ ಕೈ ಬೇಕಿತ್ತು. ಬಿಸಿ ಕ್ಯಾಥೋಡ್ ಇರುವ ಕೂಲಿಡ್ಜ್ ಟ್ಯೂಬ್ 1913ರಲ್ಲೇ ಅಮೆರಿಕದಲ್ಲಿ ಬಂದಿತ್ತು, ಅದು ಹೆಚ್ಚು ನೆಚ್ಚಿಕೆಯದ್ದು. ಆದರೆ ಎಲ್ಲ ಕಡೆಗೂ ತಲುಪಿರಲಿಲ್ಲ.

ಇನ್ನೊಂದು ಅಡ್ಡಿ ಯಂತ್ರದ್ದಲ್ಲ, ಮನುಷ್ಯರದ್ದು. ಐರೀನ್ 18 ತುಂಬುವ ಹೊತ್ತಿಗೆ ಬೆಲ್ಜಿಯಂನ ಒಂದು ಸೇನಾ ಆಸ್ಪತ್ರೆಯ ಎಕ್ಸ್‌ರೇ ಹೊಣೆ ಹೊತ್ತಿದ್ದಳು. ಅಲ್ಲಿಯ ಹಿರಿಯ ಸರ್ಜನ್ ಒಬ್ಬರಿಗೆ ಜ್ಯಾಮಿತಿಯ ಮೇಲೆ ನಂಬಿಕೆಯೇ ಇರಲಿಲ್ಲ. ಚೂರು ಹೊಕ್ಕ ಗಾಯದ ಬಾಯಿಂದಲೇ ಹುಡುಕುತ್ತಿದ್ದರು. ಇನ್ನೊಂದು ದಿಕ್ಕಿನಿಂದ ಕೊಯ್ದರೆ ಚೂರು ಹತ್ತಿರ ಸಿಗುತ್ತೆ ಅಂತ ಈ ಹುಡುಗಿ ಲೆಕ್ಕ ತೋರಿಸಿ ಹೇಳಬೇಕಿತ್ತು. ಚಿತ್ರ ಎಷ್ಟೇ ಚೆನ್ನಾಗಿರಲಿ, ಅದನ್ನು ನೋಡಿ ತನ್ನ ತೀರ್ಮಾನ ಬದಲಿಸುವ ವೈದ್ಯ ಇಲ್ಲದಿದ್ದರೆ ಆ ಚಿತ್ರದಿಂದ ರೋಗಿಗೆ ಏನೂ ಆಗಲ್ಲ. ಎಲ್ಲಿ ಸರ್ಜನ್ ಮತ್ತು ಎಕ್ಸ್‌ರೇ ನಡೆಸುವವರು ಒಟ್ಟಿಗೆ ನಿಂತು ನೋಡುತ್ತಿದ್ದರೋ, ಕೆಲವೊಮ್ಮೆ ಪರದೆಯ ಬೆಳಕಲ್ಲೇ ಆಪರೇಷನ್ ಮಾಡುತ್ತಿದ್ದರೋ, ಅಲ್ಲಿ ಕೆಲಸ ಬೇಗ ಆಗುತ್ತಿತ್ತು.

150 ಮಂದಿ

1916ರ ಹೊತ್ತಿಗೆ ಯಂತ್ರದ ಕೊರತೆಗಿಂತ ದೊಡ್ಡ ಕೊರತೆ ಎದ್ದು ಕಂಡಿತು. ಕೋಣೆಗಳು ಹೆಚ್ಚಾಗುತ್ತಿವೆ, ನಡೆಸುವವರಿಲ್ಲ. ಸೈನ್ಯ ಕಳಿಸಿಕೊಡುತ್ತಿದ್ದ ಗಂಡಸರಲ್ಲಿ ಹಲವರಿಗೆ ತರಬೇತಿ ಇರುತ್ತಿರಲಿಲ್ಲ. ಇದ್ದರೂ, ಕಲಿತಷ್ಟರಲ್ಲಿ ಬೇರೆ ಕಡೆ ವರ್ಗವಾಗುತ್ತಿತ್ತು. ಮೇರಿ ರೇಡಿಯಂ ಇನ್‌ಸ್ಟಿಟ್ಯೂಟ್‌ನಲ್ಲೇ ಶಾಲೆ ತೆರೆದರು. ಹೆಂಗಸರಿಗೆ ಮಾತ್ರ. ಐರೀನ್ ಕೂಡ ಪಾಠ ಮಾಡುತ್ತಿದ್ದಳು, ಆಚೆ ಸೊರ್ಬಾನ್‌ನಲ್ಲಿ ತನ್ನ ಓದನ್ನೂ ಮುಂದುವರಿಸುತ್ತಿದ್ದಳು.

ಬಂದವರಲ್ಲಿ ನರ್ಸ್‌ಗಳಿದ್ದರು, ಓದಿದವರಿದ್ದರು, ಹೆಚ್ಚು ಓದು ಇಲ್ಲದವರೂ ಇದ್ದರು. ಕೆಲವೇ ವಾರಗಳ ಕೋರ್ಸ್. ವಿದ್ಯುತ್ತಿನ ಮೂಲ ಪಾಠ, ಎಕ್ಸ್ ಕಿರಣದ ಸ್ವಭಾವ, ಅಂಗರಚನೆ, ಉಳಿದದ್ದೆಲ್ಲ ಕೈಕೆಲಸ. ಯಂತ್ರ ಬಿಚ್ಚಿ ಜೋಡಿಸೋದು, ಟ್ಯೂಬ್ ಹೊಂದಿಸೋದು, ಪ್ಲೇಟ್ ತೊಳೆಯೋದು, ಆಳದ ಲೆಕ್ಕ ಹಾಕೋದು. 1918ರ ಒಳಗೆ ಸುಮಾರು 150 ಮಂದಿ ಇಲ್ಲಿ ತಯಾರಾಗಿ ಆಸ್ಪತ್ರೆಗಳಿಗೆ ಹೋದರು. ಪೋಲಿಷ್ ಹಳ್ಳಿಯ ರೈತ ಮಕ್ಕಳಿಗೆ ಅಕ್ಷರ ಕಲಿಸಿದ ಹುಡುಗಿಯೇ ಇಲ್ಲಿ ಮೇಷ್ಟ್ರು.

ಈ 150 ಮಂದಿ ಎಲ್ಲಿಂದಲೋ ಸಿಕ್ಕಿದವರಲ್ಲ, ಯೋಚಿಸಿ ತಯಾರು ಮಾಡಿದವರು. ರೇಡಿಯಾಲಜಿ ಬಲ್ಲ ವೈದ್ಯರ ಕೊರತೆ ಇದ್ದಾಗ, ಆ ಕೆಲಸದಲ್ಲಿ ಯಾವ ಭಾಗಕ್ಕೆ ವೈದ್ಯರೇ ಬೇಕು, ಯಾವ ಭಾಗವನ್ನು ಚೆನ್ನಾಗಿ ತರಬೇತಾದ ಬೇರೆಯವರು ಮಾಡಬಹುದು ಅಂತ ಬಿಡಿಸಿ ನೋಡಿದ್ದರ ಫಲ. ಇವತ್ತು ನಾವು ರೇಡಿಯೋಗ್ರಾಫರ್, ಎಕ್ಸ್‌ರೇ ಟೆಕ್ನಿಷಿಯನ್ ಅನ್ನುವ ವೃತ್ತಿಯ ಹಿಂದೆ ಇಂಥ ಶಾಲೆಗಳ ನೆರಳಿದೆ. ಯುದ್ಧದ ಅನುಭವವನ್ನೆಲ್ಲ ಸೇರಿಸಿ ಯುದ್ಧಕಾಲದ ರೇಡಿಯಾಲಜಿ ಬಗ್ಗೆ ಮೇರಿ ಒಂದು ಪುಸ್ತಕ ಬರೆದರು, 1921ರಲ್ಲಿ ಅದು ಬಂತು. ಫ್ರೆಂಚ್ ಸರ್ಕಾರದಿಂದ ಈ ಕೆಲಸಕ್ಕೆ ಐರೀನ್‌ಗೆ ಪದಕ ಬಂತು, ಅಮ್ಮನಿಗೆ ಬರಲಿಲ್ಲ.

ಬಿಲ್ ಬಂದದ್ದು ತಡವಾಗಿ

ಯುದ್ಧದ ನಂತರ ಮೇರಿಯ ಹತ್ತಿರ ಹಣವಿರಲಿಲ್ಲ, ಸಂಸ್ಥೆಯ ಹತ್ತಿರ ರೇಡಿಯಂ ಕಮ್ಮಿ. 1921ರಲ್ಲಿ ಅಮೆರಿಕದ ಮಹಿಳೆಯರು ಚಂದಾ ಎತ್ತಿ 1 ಗ್ರಾಂ ರೇಡಿಯಂ ಕೊಡಿಸಿದರು, ಅಧ್ಯಕ್ಷ ಹಾರ್ಡಿಂಗ್ ಕೈಯಿಂದ. ಆಗ ಅದರ ಬೆಲೆ 1 ಲಕ್ಷ ಡಾಲರ್. ರೇಡಿಯಂ ತೆಗೆಯುವ ವಿಧಾನಕ್ಕೆ ಪೇಟೆಂಟ್ ತಗೊಳ್ಳದೆ ಬಿಟ್ಟವರು ಅದೇ ರೇಡಿಯಂಗೆ ಇನ್ನೊಬ್ಬರ ಮುಂದೆ ನಿಲ್ಲಬೇಕಾಯಿತು. ಆ ಹೊತ್ತಿಗಾಗಲೇ ಕಣ್ಣು ಮಂಜಾಗುತ್ತಿತ್ತು, ಕಿವಿಯಲ್ಲಿ ಸದ್ದು. ಮುಂದೆ ಕಣ್ಣಿನ ಪೊರೆಗೆ ಹಲವು ಆಪರೇಷನ್‌ಗಳಾದವು. 1934ರ ಜುಲೈ 4ರಂದು, 66ನೇ ವಯಸ್ಸಿಗೆ, ಆಲ್ಪ್ಸ್ ಬೆಟ್ಟದ ಒಂದು ಆರೋಗ್ಯಧಾಮದಲ್ಲಿ ತೀರಿಕೊಂಡರು. ಕಾರಣ ಅಪ್ಲಾಸ್ಟಿಕ್ ಅನೀಮಿಯಾ, ಅಂದ್ರೆ ಅಸ್ಥಿಮಜ್ಜೆ ರಕ್ತಕಣಗಳನ್ನು ಮಾಡೋದನ್ನೇ ನಿಲ್ಲಿಸುವ ಕಾಯಿಲೆ.

ರೇಡಿಯಂ ಕೊಂದಿತು ಅಂತಲೇ ಎಲ್ಲರೂ ನಂಬಿದ್ದರು. 1995ರಲ್ಲಿ ಅವರ ಅವಶೇಷಗಳನ್ನು ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಸಾಗಿಸುವಾಗ ಫ್ರಾನ್ಸಿನ ವಿಕಿರಣ ಸುರಕ್ಷಾ ಕಚೇರಿ ಶವಪೆಟ್ಟಿಗೆಯನ್ನು ಪರೀಕ್ಷಿಸಿತು. ಒಳಗೆ ವಿಕಿರಣದ ಮಟ್ಟ ನಿರೀಕ್ಷಿಸಿದಷ್ಟು ಇರಲಿಲ್ಲ. ರೇಡಿಯಂಗಿಂತ ಯುದ್ಧದ ವರ್ಷಗಳ ಎಕ್ಸ್‌ರೇ ಕಾರಣವಿರುವ ಸಾಧ್ಯತೆ ಹೆಚ್ಚು ಅನ್ನೋದು ಆ ಕಚೇರಿಯ ಅಭಿಪ್ರಾಯ. ಐರೀನ್ ಕೂಡ 1956ರಲ್ಲಿ, 58ನೇ ವಯಸ್ಸಿಗೆ, ಲ್ಯುಕೇಮಿಯಾದಿಂದ ತೀರಿಕೊಂಡರು.

ಎಕ್ಸ್‌ರೇ ಅಪಾಯಕಾರಿ ಅನ್ನೋದು ಆಗ ಗೊತ್ತೇ ಇರಲಿಲ್ಲ ಅಂತಲ್ಲ. ಎಡಿಸನ್‌ನ ಸಹಾಯಕ ಕ್ಲಾರೆನ್ಸ್ ಡಾಲಿ ಎಕ್ಸ್‌ರೇ ಕೆಲಸದಿಂದ ಕೈಗಳನ್ನು ಕಳೆದುಕೊಂಡು 1904ರಲ್ಲೇ ಸತ್ತಿದ್ದ. ಎಡಿಸನ್ ಆ ಕೆಲಸವನ್ನೇ ಬಿಟ್ಟಿದ್ದರು. ಆದರೆ ಚರ್ಮ ಸುಡೋದು ಕಣ್ಣಿಗೆ ಕಾಣುತ್ತೆ, ಮಜ್ಜೆ ನಿಧಾನಕ್ಕೆ ಸಾಯೋದು ಕಾಣಲ್ಲ. ಯುದ್ಧದ ಅವಸರದಲ್ಲಿ ದಿನಕ್ಕೆ ಎಷ್ಟು ಹೊತ್ತು ಪರದೆಯ ಮುಂದೆ ನಿಂತೆ ಅಂತ ಲೆಕ್ಕ ಇಡುವವರು ಯಾರು? ಎಲ್ಲವನ್ನೂ ಅಳೆದ ಮೇರಿ ತಮ್ಮ ಮೈಗೆ ಬಿದ್ದದ್ದನ್ನು ಮಾತ್ರ ಅಳೆಯಲಿಲ್ಲ. ರೇಡಿಯಂನ ಅಪಾಯವನ್ನು ಒಪ್ಪಿಕೊಳ್ಳೋದಕ್ಕೂ ಬಹಳ ಹಿಂಜರಿದರು. ಅದು ಅವರ ಬದುಕಿನ ಒಪ್ಪಿಕೊಳ್ಳಬೇಕಾದ ಕೊರತೆ. 1936ರಲ್ಲಿ ಹ್ಯಾಂಬರ್ಗ್‌ನ ಆಸ್ಪತ್ರೆಯೊಂದರ ಅಂಗಳದಲ್ಲಿ ಎಕ್ಸ್‌ರೇ, ರೇಡಿಯಂ ಕೆಲಸದಲ್ಲಿ ಸತ್ತವರಿಗೆ ಸ್ಮಾರಕ ನಿಲ್ಲಿಸಿದಾಗ ಅದರಲ್ಲಿ 169 ಹೆಸರುಗಳಿದ್ದವು. ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು.

ರಿಬ್ಬನ್ ಕತ್ತರಿಸಿದ ಮೇಲೆ

ಈಗ ನಮ್ಮ ಕಡೆ ನೋಡೋಣ. ಗ್ರಾಮೀಣ ಆರೋಗ್ಯ ಮಿಷನ್ ಬಗ್ಗೆ ಸಿಎಜಿ 2017ರಲ್ಲಿ ಕೊಟ್ಟ ವರದಿ ಹಲವು ರಾಜ್ಯಗಳಲ್ಲಿ ಎಕ್ಸ್‌ರೇ, ಅಲ್ಟ್ರಾಸೌಂಡ್ ಸೇರಿದಂತೆ ಕೊಂಡ ಯಂತ್ರಗಳು ನಡೆಸುವ ಸಿಬ್ಬಂದಿ ಇಲ್ಲದೆ, ಇಡಲು ಜಾಗವಿಲ್ಲದೆ ಬಿದ್ದಿರೋದನ್ನು ಪಟ್ಟಿ ಮಾಡಿತ್ತು. ಇದು ಬಡತನದ ಸಮಸ್ಯೆ ಅಲ್ಲ, ದುಡ್ಡು ಖರ್ಚಾಗಿದೆ. ಯಂತ್ರ ಖರೀದಿಗೆ ಟೆಂಡರ್ ಇದೆ, ಉದ್ಘಾಟನೆ ಇದೆ, ಫೋಟೋ ಇದೆ. ಟೆಕ್ನಿಷಿಯನ್ ಹುದ್ದೆ ಭರ್ತಿ ಮಾಡೋದಕ್ಕೆ ಫೋಟೋ ಇಲ್ಲ. ಪರಿಣಾಮ ನಮಗೆಲ್ಲ ಗೊತ್ತು: ಸರ್ಕಾರಿ ಆಸ್ಪತ್ರೆಯ ಚೀಟಿ ಹಿಡಿದು ಜನ ಎದುರಿನ ಖಾಸಗಿ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗ್ತಾರೆ.

ಇನ್ನೊಂದು ತುದಿಯಲ್ಲಿ ಬೇಡದ ಸ್ಕ್ಯಾನ್‌ಗಳು. ಬೇರೆ ಅಪಾಯದ ಲಕ್ಷಣಗಳಿಲ್ಲದ ಮಾಮೂಲಿ ಬೆನ್ನುನೋವಿಗೆ ತಕ್ಷಣ ಎಂಆರ್‌ಐ ಬೇಡ ಅನ್ನೋದು ವೈದ್ಯಲೋಕ ಒಪ್ಪಿದ ಮಾತು, ಆದರೂ ಬರೆಯಲಾಗುತ್ತೆ. ವರ್ಡನ್‌ನಲ್ಲಿ ಚಿತ್ರ ತೆಗೆಯೋದಕ್ಕೆ ಒಂದು ಗುರಿಯಿತ್ತು. ಸರ್ಜನ್ ಎಲ್ಲಿ ಕೊಯ್ಯಬೇಕು ಅಂತ ಅದು ಹೇಳಬೇಕಿತ್ತು. ಈ ಚಿತ್ರ ಬಂದರೆ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತೆ ಅಂತ ರೋಗಿ ಇವತ್ತೂ ಕೇಳಬಹುದು, ಕೇಳಬೇಕು.

ಒಳ್ಳೆಯ ಬದಲಾವಣೆಗಳೂ ಆಗಿವೆ. ಎಕ್ಸ್‌ರೇ ಯಂತ್ರ ಇಡೋದಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಬೇಕು, ನಡೆಸಲು ಅರ್ಹತೆ ಇರುವವರೇ ಬೇಕು. ಟೆಕ್ನಿಷಿಯನ್‌ಗಳ ಎದೆ ಮೇಲೆ ಪುಟ್ಟ ಬ್ಯಾಡ್ಜ್ ಇರುತ್ತೆ ನೋಡಿ, ಅದು ಅವರ ಮೈಗೆ ಎಷ್ಟು ವಿಕಿರಣ ಬಿತ್ತು ಅಂತ ದಾಖಲಿಸುತ್ತೆ. ಮೇರಿ ಮತ್ತು ಐರೀನ್ ಬಳಿ ಇಲ್ಲದ್ದು ಅದೇ. ಬ್ಯಾಡ್ಜ್ ಡ್ರಾಯರ್‌ನಲ್ಲಿಟ್ಟು ಕೆಲಸ ಮಾಡುವ ಜಾಗದಲ್ಲಿ ಕಾನೂನು ಇದ್ದೂ ಇಲ್ಲದ ಹಾಗೆ. ಕ್ಷಯ ಪತ್ತೆಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳು ಈಗ ಹಳ್ಳಿಗಳಿಗೆ ಹೋಗ್ತಿವೆ, ಚಿತ್ರ ಓದಲು ಕಂಪ್ಯೂಟರ್ ನೆರವೂ ಇದೆ. ತಾಯಿಯನ್ನು ಕ್ಷಯಕ್ಕೆ ಕಳೆದುಕೊಂಡ ಮೇರಿ ಇದನ್ನು ನೋಡಿದ್ದರೆ ಖುಷಿಪಡುತ್ತಿದ್ದರು. ಆಮೇಲೆ ಬಹುಶಃ ಇದನ್ನು ಹಿಡಿಯುವವರಿಗೆ ಎಷ್ಟು ವಾರದ ತರಬೇತಿ ಕೊಟ್ಟಿದ್ದೀರಿ ಅಂತ ಕೇಳುತ್ತಿದ್ದರು.

ಮುಂದಿನ ಸಲ ನಿಮ್ಮ ತಾಲೂಕು ಆಸ್ಪತ್ರೆಗೆ ಹೊಸ ಸ್ಕ್ಯಾನಿಂಗ್ ಯಂತ್ರ ಬಂದ ಸುದ್ದಿ ಓದಿದಾಗ, ಅದರ ಬೆಲೆ ಎಷ್ಟು ಕೋಟಿ ಅನ್ನೋದನ್ನು ಬಿಟ್ಟು ಮೂರು ವಿಷಯ ಹುಡುಕಿ. ನಡೆಸುವ ಹುದ್ದೆ ಕಾಯಂ ಆಗಿ ಭರ್ತಿಯಾಗಿದೆಯಾ? ವರದಿ ಬರೆಯೋರು ಯಾರು, ಎಷ್ಟು ಹೊತ್ತಲ್ಲಿ? ಯಂತ್ರ ಸರಿ ಇದೆಯಾ ಅಂತ ವರ್ಷದಲ್ಲಿ ಎಷ್ಟು ಸಲ ಪರೀಕ್ಷೆ ಆಗುತ್ತೆ? ಸುದ್ದಿಯಲ್ಲಿ ಈ ಮೂರೂ ಇಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ಕೇಳಿ. ಉತ್ತರ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.